ಪ್ರಯೋಗಶಾಲೆಯ ಪ್ರಾಣಿಗಳೂ ಹೊಸ ಕೈಗಳೂ

ನಮ್ಮ ಓದುಗರಾದ ಗೃಹಸ್ಥರೊಬ್ಬರು ಹೋದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗಳು ಜೀವಶಾಸ್ತ್ರವನ್ನು ಓದಿ ತೇರ್ಗಡೆಯಾಗಿ, ಔಷಧಗಳನ್ನು ಪರೀಕ್ಷಿಸುವ ಒಂದು ಸಂಸ್ಥೆಯ ಪ್ರಾಣಿಗೃಹದಲ್ಲಿ ಸಹಾಯಕಳಾಗಿ ಕೆಲಸಕ್ಕೆ ಸೇರಬೇಕಾಗಿದೆ. ಸಂಬಳವು ತಕ್ಕಮಟ್ಟಿಗೆ ಇದೆ; ಹುಡುಗಿಗೂ ಮನಸ್ಸಿದೆ. ಆದರೆ ಮನೆಯ ಅಜ್ಜಿಯವರು, "ದೀಪಕ್ಕೆ ಬಂದ ಹುಳುವನ್ನು ಸಹ ಸೆರಗಿನಿಂದ ಹಿಡಿದು ಹೊರಗೆ ಬಿಡುವ ಹುಡುಗಿ ಇವಳು, ಇಲಿ ಮೊಲಗಳಿಗೆ ಸೂಜಿ ಚುಚ್ಚುವ ಕೆಲಸಕ್ಕೆ ಹೋದರೆ ಇವಳ ಕೈ ಕಲ್ಲಾಗದೆ?" ಎಂದು ಕೇಳಿದರಂತೆ. ತಂದೆಗೆ ಉತ್ತರ ತೋಚದೆ ಆ ಪ್ರಶ್ನೆಯನ್ನು ನಮ್ಮ ಕಡೆಗೆ ತಿರುಗಿಸಿರುವರು.

ಅಜ್ಜಿಯವರ ಮಾತು ತಳ್ಳಿಹಾಕತಕ್ಕ ಮಾತಲ್ಲ. ಅದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಮನುಷ್ಯನ ಹಿತಕ್ಕಾಗಿ ಮೂಕಪ್ರಾಣಿಗಳ ಮೇಲೆ ಪ್ರಯೋಗ ನಡೆಸಬಹುದೇ ಎಂಬುದು ಒಂದು. ನಡೆಸುವುದೇ ಆದರೆ ಅವುಗಳನ್ನು ಎಂತಹ ಕೈಗೆ ಒಪ್ಪಿಸಬೇಕು ಎಂಬುದು ಮತ್ತೊಂದು. ಮೊದಲನೆಯದನ್ನು ಕುರಿತು ಬಲ್ಲವರು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ವಾದಿಸುತ್ತಲೇ ಇರುವರು. ಆ ವಾದ ಈ ಪುಟದಲ್ಲಿ ತೀರುವಂಥದಲ್ಲ. ಆದರೆ ನಮ್ಮ ನಮ್ಮ ಮನೆಗಳ ಬೀರುವಿನಲ್ಲಿರುವ ಔಷಧದ ಸೀಸೆಗಳು ಆ ಪ್ರಾಣಿಗಳ ಋಣವನ್ನು ಹೊತ್ತೇ ಬಂದಿವೆ ಎಂಬುದನ್ನು ಮರೆಯಲಾಗದು. ಸಿಹಿಮೂತ್ರ ರೋಗಿಗಳ ಜೀವವನ್ನುಳಿಸುವ ಇನ್ಸುಲಿನ್ 1921-22ರಲ್ಲಿ ಟೊರಾಂಟೋ ನಗರದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳಿಂದ ದೊರೆಯಿತು. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರೂ ಜ್ವರ ಹಿಡಿದು ಮಲಗಿದಾಗ, ಆ ರೋಗಕ್ಕೆ ಕಾರಣವಾದ ವಿಷಾಣುವನ್ನು ಪುಣೆಯ ಸಂಶೋಧಕರು ಸುಂಡಿಲಿಯ ಮರಿಗಳ ನೆರವಿನಿಂದಲೇ ಬೇರ್ಪಡಿಸಿ ಗುರುತಿಸಿದರು. ಇನ್ನು ನಮ್ಮ ಅಡಿಗೆಯ ಮನೆಗೇ ಸಂಬಂಧಪಟ್ಟ ಸಂಗತಿಯೊಂದುಂಟು. ನೀಲಗಿರಿಯ ಕೂನೂರಿನಲ್ಲಿ ಡಾಕ್ಟರ್ ಮ್ಯಾಕರಿಸನ್ನರು 1920ರ ದಶಕದಲ್ಲಿ, ಭಾರತದ ಬೇರೆ ಬೇರೆ ಪ್ರಾಂತಗಳ ಜನರು ಉಣ್ಣುವ ಊಟವನ್ನು ಇಲಿಗಳ ಬೇರೆ ಬೇರೆ ಗುಂಪುಗಳಿಗೆ ಉಣ್ಣಿಸಿ ನೋಡಿದರು. ಗೋಧಿ, ಹಾಲು, ಬೇಳೆ, ತರಕಾರಿಗಳುಳ್ಳ ಪಂಜಾಬಿನ ಊಟವನ್ನುಂಡ ಇಲಿಗಳು ದೃಢಕಾಯವಾಗಿ ಬೆಳೆದುವು. ಬಿಳಿಯ ಅಕ್ಕಿಯೇ ಹೆಚ್ಚಾಗಿದ್ದ ನಮ್ಮ ದಕ್ಷಿಣದ ಊಟವನ್ನುಂಡುವು ಸೊರಗಿದುವು. ಆ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಯಿತು. ಪಾಲಿಷು ಮಾಡಿದ ಅಕ್ಕಿಯನ್ನು ಕುರಿತು ವೈದ್ಯರು ನಮ್ಮ ಗೃಹಿಣಿಯರಿಗೆ ಹೇಳುವ ಬುದ್ಧಿವಾದದ ಹಿಂದೆ ಆ ಕೂನೂರಿನ ಇಲಿಗಳ ಸಾಕ್ಷ್ಯವೂ ಇದೆ.

ಎರಡನೆಯ ಪ್ರಶ್ನೆಯೇ ನಮ್ಮ ಇಂದಿನ ವಿಷಯ. ಹೊಸದಾಗಿ ಪ್ರಾಣಿಗೃಹವನ್ನು ಹೊಕ್ಕ ಹುಡುಗ ಹುಡುಗಿಯರಿಗೆ ಪ್ರಾಣಿಯನ್ನು ಮುಟ್ಟುವುದು, ಎತ್ತುವುದು, ಸಾಕುವುದು ಇವನ್ನು ಹೇಗೆ ಕಲಿಸುವರು? ಹೇಗೆ ಕಲಿಸಬೇಕು? ಇದು ಕಿರಿದಾದ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಪ್ರಯೋಗದ ಪ್ರಾಣಿಗೆ ವಿಜ್ಞಾನಿಯ ಮುಖ ಕಾಣುವುದು ಅಪರೂಪ. ಅದರ ಹಗಲಿರುಳುಗಳನ್ನು ಸುಖವಾಗಿಯೋ ದುಃಖವಾಗಿಯೋ ಮಾಡುವುದು ದಿನವೂ ಪಂಜರದ ಬಾಗಿಲನ್ನು ತೆರೆಯುವ ಕೈ.

ಹಿಂದಿನ ಕಾಲದ ಸ್ಥಿತಿಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅರಿವಳಿಕೆಯ ಔಷಧವು ಶಸ್ತ್ರಕ್ರಿಯೆಯಲ್ಲಿ ಲೋಕಪ್ರಸಿದ್ಧವಾದುದೇ 1846ರಲ್ಲಿ. ಅದಕ್ಕೆ ಮೊದಲು ಯೂರೋಪಿನಲ್ಲಿ ನಾಯಿಗಳನ್ನು ಎಚ್ಚರವಾಗಿರುವಾಗಲೇ ಕಟ್ಟಿ ಕೊಯ್ಯುತ್ತಿದ್ದರು. ಆ ಕತ್ತಲೆಯಲ್ಲಿಯೂ ಇಂಗ್ಲೆಂಡಿನ ಮಾರ್ಷಲ್ ಹಾಲ್ ಎಂಬ ಶರೀರಶಾಸ್ತ್ರಜ್ಞನು 1831ರಲ್ಲಿ ಐದು ಕಟ್ಟಳೆಗಳನ್ನು ಸೂಚಿಸಿದನು. ಬರಿಯ ಕಣ್ಣಿನಿಂದ ನೋಡಿ ತಿಳಿಯಬಹುದಾದುದಕ್ಕೆ ಪ್ರಯೋಗವು ಕೂಡದು, ಹಿಂದಿನವರು ಮಾಡಿದುದನ್ನು ಅರಿಯದೆ ಮತ್ತೆ ಮಾಡಕೂಡದು, ನೋವು ಸಾಧ್ಯವಾದಷ್ಟು ಕಡಿಮೆಯಾಗಿರಬೇಕು ಎಂಬುವು ಅವುಗಳಲ್ಲಿ ಸೇರಿದ್ದುವು. 1876ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇಂತಹ ಪ್ರಯೋಗಗಳಿಗೆ ಲೈಸೆನ್ಸು ಬೇಕೆಂದು ಕಾಯಿದೆ ಮಾಡಿತು. 1926ರಲ್ಲಿ ಲಂಡನ್ನಿನಲ್ಲಿ ಮೇಜರ್ ಚಾರ್ಲ್ಸ್ ಹ್ಯೂಮ್ ಎಂಬವರು ಪ್ರಾಣಿಗಳ ಕ್ಷೇಮಕ್ಕಾಗಿ ವಿಶ್ವವಿದ್ಯಾನಿಲಯದವರ ಸಂಘವೊಂದನ್ನು ಕಟ್ಟಿದರು. ಅವರದು ಬೈಗುಳದ ಮಾರ್ಗವಲ್ಲ. ವಿಜ್ಞಾನಿಗಳೊಡನೆ ಕುಳಿತು, ಪ್ರಾಣಿಗಳನ್ನು ಚೆನ್ನಾಗಿ ಸಾಕುವುದು ಹೇಗೆಂದು ಕೇಳಿ ಬರೆಯಿಸುವ ಮಾರ್ಗ. ಆ ಸಂಘವು 1947ರಲ್ಲಿ ಹೊರತಂದ ದಪ್ಪ ಕೈಪಿಡಿಯು ಪ್ರಾಣಿಗೃಹಗಳವರಿಗೆ ಆಧಾರಗ್ರಂಥವಾಯಿತು. ಅದೇ ಸಂಘದ ಆಶ್ರಯದಲ್ಲಿ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಹಲವು ವರ್ಷ ವಿಚಾರಿಸಿ 1959ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಪ್ರಾಣಿಯ ಬದಲಿಗೆ ಬೇರೆ ಸಾಧನವು ದೊರೆತರೆ ಅದನ್ನೇ ಬಳಸುವುದು, ಬಳಸಲೇಬೇಕಾದರೆ ಸಂಖ್ಯೆಯನ್ನು ಕಡಿಮೆ ಮಾಡುವುದು, ಬಳಸಿದುದಕ್ಕೆ ನೋವಾಗದಂತೆ ವಿಧಾನವನ್ನು ಹದಗೊಳಿಸುವುದು ಎಂಬ ಮೂರು ಸೂತ್ರಗಳು ಅದರಲ್ಲಿ ಬಂದುವು. ಬದಲಿ, ಕಡಿತ, ಹದ ಎಂದು ನಾವು ಕನ್ನಡದಲ್ಲಿ ಹೇಳಬಹುದು. ಮೂರನೆಯದಾದ ಹದವು ಪುಸ್ತಕದಿಂದ ಬರುವಂಥದಲ್ಲ. ಅಡಿಗೆಯ ಹದದಂತೆ ಅದೂ ಕೈಯಿಂದ ಕೈಗೆ ಬರಬೇಕು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ದನಿಗೊಟ್ಟವರು ಭರತನಾಟ್ಯದಿಂದ ಪ್ರಖ್ಯಾತರಾದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲರು. ರಾಜ್ಯಸಭೆಯ ಸದಸ್ಯರಾಗಿದ್ದಾಗ ಅವರು ಮಂಡಿಸಿದ ಖಾಸಗಿ ಮಸೂದೆಯೇ ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಗೆ ದಾರಿಮಾಡಿತು. ಆ ಕಾಯಿದೆಯಲ್ಲಿ ಪ್ರಯೋಗಗಳಿಗಾಗಿಯೇ ಒಂದು ಅಧ್ಯಾಯವಿದೆ. ಪ್ರಯೋಗವನ್ನು ಎಚ್ಚರಿಕೆಯಿಂದಲೂ ದಯೆಯಿಂದಲೂ, ಆದಮಟ್ಟಿಗೆ ಅರಿವಳಿಕೆಯಲ್ಲಿಯೂ ನಡೆಸಬೇಕು. ಪ್ರಯೋಗಕ್ಕೆ ಮೊದಲೂ ಅನಂತರವೂ ಪ್ರಾಣಿಯನ್ನು ಸರಿಯಾಗಿ ನೋಡಿಕೊಳ್ಳಬೇಕು. ಪುಸ್ತಕ, ಪ್ರತಿಕೃತಿ, ಚಲಚ್ಚಿತ್ರಗಳಿಂದ ಪಾಠವು ನಡೆಯುವಲ್ಲಿ ಪ್ರಾಣಿಯನ್ನು ತರಕೂಡದು. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದುದು ಇನ್ನೊಂದು ಮಾತು. ಕೇವಲ ಕೈಚಳಕವನ್ನು ಸಂಪಾದಿಸುವುದಕ್ಕಾಗಿ ಆದಷ್ಟು ಮಟ್ಟಿಗೆ ಪ್ರಯೋಗಗಳನ್ನು ನಡೆಸದಂತೆ ನೋಡಿಕೊಳ್ಳಬೇಕೆಂದು ಆ ಕಾಯಿದೆ ಹೇಳುತ್ತದೆ.

ಇಲ್ಲಿಯೇ ಹೊಸಬರ ತೊಡಕು. ಕೈ ಪಳಗಿದ ಹೊರತು ಪ್ರಾಣಿಗೆ ನೋವು ತಪ್ಪದು. ಕೈ ಪಳಗಿಸಿಕೊಳ್ಳುವುದಕ್ಕಾಗಿ ಪ್ರಾಣಿಯನ್ನು ನೋಯಿಸಕೂಡದು. ನೀರಿಗಿಳಿಯದೆ ಈಜು ಬಾರದೆಂಬ ಗಾದೆಯನ್ನು ಹೇಳಿ ಹೊಸಬರನ್ನು ಮೊದಲ ದಿನವೇ ಪಂಜರದ ಮುಂದೆ ನಿಲ್ಲಿಸುತ್ತಿದ್ದ ಕಾಲವೊಂದಿತ್ತು. ಮುಳುಗುವುದು ಈಜು ಕಲಿಯುವವನಲ್ಲ, ಇಲಿ, ಎಂಬುದನ್ನು ಆ ಗಾದೆ ಹೇಳುವವರು ಗಮನಿಸುತ್ತಿರಲಿಲ್ಲ.

ಒಳ್ಳೆಯ ಪ್ರಾಣಿಗೃಹಗಳಲ್ಲಿ ಕಲಿಕೆಯು ಪ್ರಾಣಿಯಿಂದ ಆರಂಭವಾಗುವುದಿಲ್ಲ. ಮೊದಲು ಹೊಸಬರಿಗೆ ಸುಮ್ಮನೆ ಕುಳಿತು ನೋಡುವ ಕೆಲಸವನ್ನು ಕೊಡುವರು. ಯಾವ ಹೊತ್ತಿಗೆ ನಿದ್ರಿಸುತ್ತವೆ, ಯಾವ ಹೊತ್ತಿಗೆ ಓಡಾಡುತ್ತವೆ, ಒಂದು ಇನ್ನೊಂದರ ಮೈಯನ್ನು ಹೇಗೆ ನೆಕ್ಕುತ್ತದೆ, ಆರೋಗ್ಯವಾಗಿರುವುದರ ರೋಮ ಹೇಗೆ ಹೊಳೆಯುತ್ತದೆ, ಇವನ್ನು ಕಂಡು ಬರೆದಿಡಬೇಕು. ಆಮೇಲೆ ಪ್ರತಿಕೃತಿಗಳು ಬರುತ್ತವೆ: ನಿಜವಾದ ಇಲಿಯ ಗಾತ್ರದಲ್ಲಿ ಸಿಲಿಕೋನಿನಿಂದ ಮಾಡಿದ ಬೊಂಬೆ, ಅದರ ಬಾಲದಲ್ಲಿ ರಕ್ತನಾಳದಂತೆ ಎಳೆದ ಸಣ್ಣ ಕೊಳವೆ. ಬಟ್ಟೆಯ ಬೊಂಬೆಯಿಂದಲೂ ಹಿಡಿತವನ್ನು ಕಲಿಸುವವರುಂಟು. ಸೂಜಿಯ ಅಭ್ಯಾಸಕ್ಕೆ ಕಿತ್ತಳೆಯ ಹಣ್ಣು, ಹೊಲಿಗೆಯ ಅಭ್ಯಾಸಕ್ಕೆ ರಬ್ಬರಿನ ಹಾಳೆ ಅಥವಾ ಬಟ್ಟೆ. ಬೊಂಬೆಯ ಮೇಲೆ ಕೈ ನಡುಗದೆ ನಿಂತಮೇಲೆಯೇ ಸಜೀವ ಪ್ರಾಣಿಯನ್ನು ಮುಟ್ಟುವ ದಿನವು ಬರತಕ್ಕದ್ದು. ಆ ದಿನವೂ ಮುಟ್ಟುವುದು ಮಾತ್ರ. ಸೂಜಿಯ ಮಾತು ಇನ್ನೂ ದೂರ. ಕಲಿತುದನ್ನು ಹಿರಿಯರು ಕಣ್ಣಾರೆ ನೋಡಿ, ಇವಳಿಗೆ ಇದು ಬಂದಿದೆ, ಇದು ಇನ್ನೂ ಬಂದಿಲ್ಲ ಎಂದು ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ಇಷ್ಟು ದಿನಗಳಾದುವು, ಇನ್ನು ಬಂದಿರಬೇಕು ಎಂಬ ಲೆಕ್ಕಾಚಾರವು ಇಲ್ಲಿ ಸಲ್ಲದು. ಒಬ್ಬರಿಗೆ ವಾರದಲ್ಲಿ ಬರುವುದು ಇನ್ನೊಬ್ಬರಿಗೆ ಎರಡು ತಿಂಗಳು ಹಿಡಿಯಬಹುದು. ಹೆದರುವ ಕೈಯನ್ನು ಅವಸರಪಡಿಸಿದರೆ ಅದು ಬಿಗಿಯಾಗಿ ಹಿಚುಕುತ್ತದೆ.

ಮೊದಲ ಪಾಠ ಸಾಮಾನ್ಯವಾಗಿ ಸುಂಡಿಲಿಯದು. ಲೋಕದ ಪ್ರಯೋಗಶಾಲೆಗಳಲ್ಲಿ ಇದರಷ್ಟು ಸಂಖ್ಯೆಯಲ್ಲಿ ಬಳಕೆಯಾಗುವ ಸಸ್ತನಿ ಬೇರೊಂದಿಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ಒಂದು ಛಟಾಕಿನಷ್ಟೂ ಸರಿಯಾಗಿ ತೂಗದ ಜೀವ. ಅದನ್ನು ಬಾಲದ ಬುಡದಲ್ಲಿ ಹಿಡಿದು ಎತ್ತುವುದೇ ತಲೆತಲಾಂತರದಿಂದ ಬಂದ ಪದ್ಧತಿಯಾಗಿದ್ದಿತು. ತುದಿಯಲ್ಲಿ ಹಿಡಿದರೆ ಚರ್ಮ ಸುಲಿಯುವುದೆಂದು ಎಚ್ಚರಿಕೆ ಕೊಡುತ್ತಿದ್ದರೇ ಹೊರತು, ಬುಡದಲ್ಲಿ ಹಿಡಿಯುವುದರಲ್ಲಿ ಯಾರೂ ದೋಷವನ್ನೆಣಿಸಿರಲಿಲ್ಲ. 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ಎಂಬ ಇಬ್ಬರು ಮಹಿಳೆಯರು ಇದನ್ನು ಪರೀಕ್ಷಿಸಿ ನೋಡಿದರು. ಕೆಲವು ಸುಂಡಿಲಿಗಳನ್ನು ಬಾಲದಿಂದ ಎತ್ತಿದರು. ಕೆಲವನ್ನು ಬೊಗಸೆಯಲ್ಲಿ ಎತ್ತಿದರು. ಇನ್ನು ಕೆಲವನ್ನು ಪಂಜರದೊಳಗೆ ಇಟ್ಟ ಒಂದು ಕೊಳವೆಯೊಳಕ್ಕೆ ತಾವಾಗಿ ನಡೆದುಹೋಗುವಂತೆ ಮಾಡಿ, ಆ ಕೊಳವೆಯೊಡನೆ ಎತ್ತಿದರು. ಆಮೇಲೆ ಪಂಜರದಲ್ಲಿ ಕೈಯಿಟ್ಟು ಸುಮ್ಮನೆ ನಿಂತರು. ಬಾಲ ಹಿಡಿಸಿಕೊಂಡ ಸುಂಡಿಲಿಗಳು ದೂರದ ಮೂಲೆಗೆ ಸರಿದುವು. ಕೊಳವೆಯಲ್ಲಿ ಎತ್ತಿಸಿಕೊಂಡುವು ಕೈಯ ಹತ್ತಿರಕ್ಕೆ ತಾವಾಗಿಯೇ ಬಂದು ಮೂಸಿದುವು.

ಕೈಯ ಕೆಲಸ ಒಂದೇ, ಎತ್ತಿದ ದೂರವೂ ಒಂದೇ; ಪ್ರಾಣಿಯ ಮನಸ್ಸು ಮಾತ್ರ ಬೇರೆ ಬೇರೆ. ಹದ್ದಿನ ಉಗುರಿಗೂ ಬೆಕ್ಕಿನ ಬಾಯಿಗೂ ಸಿಕ್ಕುವ ಜಾತಿಗೆ ಹಿಂದಿನಿಂದ ಹಿಡಿದು ಮೇಲಕ್ಕೆಳೆಯುವ ಕೈ ಯಾವುದಾಗಿ ತೋರೀತೆಂದು ನಾವು ಊಹಿಸಬಹುದು. ವಿಜ್ಞಾನಿಗಳಿಗೂ ಇದರಿಂದ ಲಾಭವಾಯಿತು. ಬಾಲದಿಂದ ಎತ್ತಿದ ಸುಂಡಿಲಿಗಳು ಪರೀಕ್ಷೆಯ ಸಮಯದಲ್ಲಿ ಹೆದರಿ ನಿಲ್ಲುವುದರಿಂದ ಅವು ಕಲಿಯಲಾರವೆಂದು ತೋರುತ್ತದೆ. ಕೊಳವೆಯವು ಧೈರ್ಯದಿಂದ ಹೊಸದನ್ನು ಹೋಗಿ ನೋಡುತ್ತವೆ. ಅಂದರೆ ಔಷಧದ ಗುಣವೆಂದೋ ದೋಷವೆಂದೋ ನಾವು ತಿಳಿಯುವುದು ಎಷ್ಟೋ ವೇಳೆ ಎತ್ತಿದ ಕೈಯ ಗುಣದೋಷವಾಗಿರಬಹುದು. ಇಷ್ಟು ತಿಳಿದ ಮೇಲೂ ಬಾಲವನ್ನೇ ಹಿಡಿಯುವ ಕಡೆಗಳು ಇಂದಿಗೂ ಇವೆ. ಕೊಳವೆಗೆ ಹೊತ್ತು ಹೆಚ್ಚು ಬೇಕೆನ್ನುವರು. ಪಳಗಿದವರ ಕೈಯಲ್ಲಿ ಅದು ಕೆಲವು ಕ್ಷಣಗಳ ಮಾತು. ಹಳೆಯ ಅಭ್ಯಾಸವನ್ನು ಬಿಡುವುದೇ ಹೊತ್ತು ಹಿಡಿಯುವ ಕೆಲಸವೆಂದು ನಮಗೆ ತೋರುತ್ತದೆ. ಹೊಸಬರಿಗೆ ಹಳೆಯ ಅಭ್ಯಾಸವೇ ಇಲ್ಲ. ಈ ಒಂದು ವಿಷಯದಲ್ಲಿ ಅವರು ಹಿರಿಯರಿಗಿಂತ ಪುಣ್ಯವಂತರು.

ಇಲಿಯ ಪಾಠ ಬೇರೆ. ನಮ್ಮ ಮನೆಗಳಲ್ಲಿ ಇಲಿಯ ಹೆಸರೆತ್ತಿದರೆ ಬೋನನ್ನು ಹುಡುಕುವೆವು. ಚೌತಿಯ ದಿನ ಮಾತ್ರ ಅದಕ್ಕೆ ಗಣಪತಿಯ ಜೊತೆಯಲ್ಲಿ ಕೈಮುಗಿಯುವೆವು. ಪ್ರಯೋಗಶಾಲೆಯ ಬಿಳಿಯ ಇಲಿಯಾದರೋ ಬಹು ಸ್ನೇಹದ ಪ್ರಾಣಿ. ಅದನ್ನು ಭುಜಗಳ ಸುತ್ತ ಮೃದುವಾಗಿ ಹಿಡಿದು, ಇನ್ನೊಂದು ಕೈಯಿಂದ ಹಿಂಬದಿಗೆ ಆಸರೆ ಕೊಡಬೇಕು; ಎದೆಯನ್ನು ಬಿಗಿದರೆ ಅದು ಉಸಿರಾಡಲಾರದು. ಜಾಕ್ ಪ್ಯಾಂಕ್‌ಸೆಪ್ ಎಂಬ ಅಮೆರಿಕದ ವಿಜ್ಞಾನಿಯು, ಮರಿ ಇಲಿಗಳಿಗೆ ಬೆರಳಿನಿಂದ ಕಚಗುಳಿಯಿಟ್ಟರೆ ಅವು ಸೆಕೆಂಡಿಗೆ 50 ಸಾವಿರ ಕಂಪನಗಳ ಸಣ್ಣ ಸ್ವರವನ್ನು ಹೊರಡಿಸುವುವೆಂದೂ, ಕಚಗುಳಿಯಿಟ್ಟ ಕೈಯನ್ನು ಬೆನ್ನಟ್ಟಿ ಬರುವುವೆಂದೂ ಕಂಡುಹಿಡಿದನು. ಮನುಷ್ಯನ ಕಿವಿಗೆ 20 ಸಾವಿರಕ್ಕಿಂತ ಮೇಲಿನ ಸ್ವರ ಕೇಳಿಸದಾದ್ದರಿಂದ, ಅವು ಆಟದಲ್ಲಿ ಉಲಿಯುವುದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ. ಈಗ ಕೆಲವೆಡೆಗಳಲ್ಲಿ ಹೊಸಬರಿಗೆ ಇಲಿಯೊಡನೆ ಆಡುವುದನ್ನೂ ಕಲಿಸುವರು. ಸರಕಾರದ ಸಂಬಳವನ್ನು ತೆಗೆದುಕೊಂಡು ಇಲಿಗೆ ಕಚಗುಳಿಯಿಡುವುದೇ ಎಂದು ನಗುವವರು ನಗಲಿ. ಆಟವಾಡಿದ ಇಲಿಯು ಸೂಜಿಯ ದಿನದಂದು ಕಡಿಮೆ ಹೆದರುತ್ತದೆ.

ಗಿನಿಹಂದಿಯು ಹೆದರಿದಾಗ ಕಲ್ಲಿನಂತೆ ನಿಂತುಬಿಡುತ್ತದೆ. ಅದನ್ನು ಶಾಂತವೆಂದು ತಿಳಿದು ಮೋಸಹೋಗಬಾರದು. ಮನುಷ್ಯರಂತೆಯೇ ಅದೂ ಸಿ ಜೀವಸತ್ತ್ವವನ್ನು ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಇಬ್ಬರು ವೈದ್ಯರು ಸ್ಕರ್ವಿ ರೋಗದ ಮರ್ಮವನ್ನು ತಿಳಿಯಹೊರಟುದು ಇದರಿಂದಲೇ. ಆದುದರಿಂದ ಉಗ್ರಾಣದಲ್ಲಿ ಬಹುಕಾಲ ಬಿದ್ದಿದ್ದ ಮೇವು ಹೊಟ್ಟೆಯನ್ನು ತುಂಬಿದರೂ ಇದನ್ನು ಉಳಿಸದು. ಚೀಲದ ಮೇಲಿನ ತಾರೀಖನ್ನು ಓದುವುದೂ ದಯೆಯ ಪಾಠದಲ್ಲಿ ಸೇರಿದೆ.

ಮೊಲವನ್ನು ಕಿವಿ ಹಿಡಿದು ಎತ್ತುವ ಚಿತ್ರವನ್ನು ನಮ್ಮ ಮಕ್ಕಳ ಪುಸ್ತಕಗಳಲ್ಲಿ ಈಗಲೂ ಕಾಣುತ್ತೇವೆ. ಅದನ್ನು ಅಚ್ಚುಮಾಡುವವರು ಒಮ್ಮೆ ಯೋಚಿಸಬೇಕು. ಮೊಲದ ಹಿಂಗಾಲುಗಳಿಗೆ ಬಲ ಹೆಚ್ಚು, ಎಲುಬುಗಳು ಮಾತ್ರ ಹಗುರ. ಹಿಂಬದಿಗೆ ಆಸರೆಯಿಲ್ಲದೆ ಎತ್ತಿದಾಗ ಅದು ಗಾಳಿಯಲ್ಲಿ ಒದ್ದರೆ, ಆ ಒದೆತದ ರಭಸಕ್ಕೆ ಅದರ ಸೊಂಟದ ಬೆನ್ನೆಲುಬೇ ಮುರಿಯುವುದುಂಟು. ಒಂದು ಕ್ಷಣದ ಅಜಾಗ್ರತೆ, ಆಮೇಲೆ ಎಂದೂ ಎದ್ದು ನಿಲ್ಲಲಾರದ ಮೊಲ. ಹಸುಗೂಸನ್ನು ಎತ್ತುವಾಗ ಕತ್ತಿನ ಕೆಳಗೆ ಕೈ ಕೊಡಬೇಕೆಂದು ನಮ್ಮ ಮನೆಗಳಲ್ಲಿ ಹುಡುಗಿಯರಿಗೆ ಚಿಕ್ಕಂದಿನಲ್ಲಿಯೇ ಹೇಳಿಕೊಡುವರಷ್ಟೆ. ಮೊಲಕ್ಕೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಇರಬೇಕು. ಅದರ ತಲೆಯನ್ನು ನಮ್ಮ ಮೊಳಕೈಯ ಮಡಿಕೆಯಲ್ಲಿ ಅಡಗಿಸಿಕೊಂಡರೆ ಸುಮ್ಮನಿರುತ್ತದೆ.

ಎತ್ತುವುದು ದಿನದಲ್ಲಿ ಕೆಲವು ಕ್ಷಣಗಳ ಕೆಲಸ. ಉಳಿದ ಹೊತ್ತೆಲ್ಲ ಪ್ರಾಣಿಯು ಪಂಜರದಲ್ಲಿ ಬಾಳಬೇಕು. ನಮಗೆ ಹಿತವಾದ 22 ಡಿಗ್ರಿಯ ಕೋಣೆ ಸುಂಡಿಲಿಗೆ ಚಳಿ. ತಾನೇ ಆರಿಸಿಕೊಳ್ಳಲು ಬಿಟ್ಟರೆ ಅದು 30 ಡಿಗ್ರಿಯ ಆಸುಪಾಸನ್ನು ಮೆಚ್ಚುತ್ತದೆ. ಹಾಗೆಂದು ಕೋಣೆಯನ್ನೆಲ್ಲ ಒಲೆ ಮಾಡಬೇಕಾಗಿಲ್ಲ. ಒಂದಿಷ್ಟು ಕಾಗದದ ಎಳೆಯನ್ನೋ ಹತ್ತಿಯಂತಹ ನಾರನ್ನೋ ಕೊಟ್ಟರೆ ತಾನೇ ಬಾಯಿಂದ ಹರಿದು, ಗುಂಡಾದ ಗೂಡನ್ನು ಕಟ್ಟಿ, ಒಳಗೆ ಬೆಚ್ಚಗೆ ಮಲಗುತ್ತದೆ. ಗೂಡನ್ನು ನೋಡಿ ಪ್ರಾಣಿಯ ಆರೋಗ್ಯವನ್ನು ಹೇಳಬಹುದು. ಕಾಯಿಲೆಯ ಸುಂಡಿಲಿ ಗೂಡು ಕಟ್ಟುವುದನ್ನು ಬಿಡುತ್ತದೆ. ಪಂಜರವನ್ನು ತೊಳೆಯುವ ದಿನ ಹೊಸಬರು ಉತ್ಸಾಹದಿಂದ ಆ ಗೂಡನ್ನೂ ಎಸೆದುಬಿಡುವರು. ಆದರೆ ಅದರಲ್ಲಿಯೇ ಆ ಮನೆಯ ವಾಸನೆ, ಆ ಮನೆಯ ನೆಂಟಸ್ತಿಕೆ ಎಲ್ಲವೂ ಇರುವುದು. ಹಳೆಯ ಗೂಡನ್ನು ಹೊಸ ಪಂಜರಕ್ಕೆ ಸಾಗಿಸದಿದ್ದರೆ ಗಂಡು ಸುಂಡಿಲಿಗಳು ಪರಸ್ಪರ ಕಚ್ಚಾಡುವುದುಂಟು. ಮಡಿಯ ಅತಿರೇಕದಿಂದ ಮನೆಯಲ್ಲಿ ಜಗಳವಾಗುವುದು ನಮಗೆ ಹೊಸದಲ್ಲವಷ್ಟೆ!

ನಮಗೆ ಕೇಳಿಸದ ಸದ್ದುಗಳೂ ಅವುಗಳಿಗೆ ಕೇಳಿಸುತ್ತವೆ. ಬೀಗದ ಕೈಗಳ ಗೊಂಚಲು ಕಿಣಿಗುಟ್ಟಿದರೂ, ನಲ್ಲಿಯು ಸೀರಿದರೂ ಅವು ಬೆಚ್ಚುತ್ತವೆ. ಕಣ್ಣಿಗೆ ಬಣ್ಣವಿಲ್ಲದ ಬಿಳಿಯ ಇಲಿಗಳಿಗೆ ಪ್ರಖರವಾದ ದೀಪವು ಕಣ್ಣನ್ನೇ ಕೆಡಿಸುತ್ತದೆ. ಇನ್ನು ವಾಸನೆ: ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದಂತೆ, ಗಂಡಸರು ಕೋಣೆಯಲ್ಲಿದ್ದರೆ, ಅಷ್ಟೇಕೆ, ಗಂಡಸರು ತೊಟ್ಟು ಬಿಟ್ಟ ಅಂಗಿಯು ಹತ್ತಿರವಿದ್ದರೂ ಇಲಿ ಸುಂಡಿಲಿಗಳು ಒತ್ತಡಕ್ಕೊಳಗಾಗುವುವು, ಹೆಂಗಸರಿಂದ ಹಾಗಾಗದು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಆ ಭಯವು ಇಳಿಯುವುದಂತೆ. ನಮ್ಮ ಓದುಗರ ಮಗಳು ಈ ಕೆಲಸಕ್ಕೆ ಹುಟ್ಟಿನಿಂದಲೇ ಒಂದು ಅರ್ಹತೆಯನ್ನು ಪಡೆದುಬಂದಿರುವಳೆಂದಾಯಿತು.

ಎಲ್ಲಕ್ಕಿಂತ ಕಷ್ಟವಾದ ಪಾಠ ನೋವನ್ನು ಗುರುತಿಸುವುದು. ಬೇಟೆಗೆ ಬೀಳುವ ಪ್ರಾಣಿಯು ನೋವನ್ನು ಹೊರಗೆ ತೋರಿಸುವುದಿಲ್ಲ. ತೋರಿಸಿದುದು ಕಾಡಿನಲ್ಲಿ ಉಳಿಯುವುದಿಲ್ಲ. ಅದೇ ಮೆಕ್‌ಗಿಲ್ಲಿನ ಸಂಶೋಧಕರು 2010ರಲ್ಲಿ ಸುಂಡಿಲಿಯ ಮುಖವನ್ನು ಓದುವ ಒಂದು ಕ್ರಮವನ್ನು ತಂದರು. ಕಣ್ಣು ಕಿರಿದಾಗಿದೆಯೇ, ಮೂಗಿನ ಮೇಲೂ ಕೆನ್ನೆಯಲ್ಲೂ ಉಬ್ಬು ಕಾಣುತ್ತಿದೆಯೇ, ಕಿವಿಗಳು ಹಿಂದಕ್ಕೆ ಬಾಗಿವೆಯೇ, ಮೀಸೆಗಳು ಬಿಗಿದಿವೆಯೇ ಎಂಬ ಐದನ್ನು ನೋಡಿ, ಒಂದೊಂದಕ್ಕೂ 0, 1, 2 ಎಂದು ಅಂಕಿ ಹಾಕುವರು. ಮಾತು ಬಾರದ ಮಗುವಿನ ಮುಖವನ್ನು ನೋಡಿ ಹೊಟ್ಟೆನೋವೋ ಹಸಿವೋ ಎಂದು ತಾಯಿ ತಿಳಿಯುವುದೂ ಹೀಗೆಯೇ. ಅವಳು ಅಂಕಿ ಹಾಕುವುದಿಲ್ಲ, ಅಷ್ಟೇ ಭೇದ. ಹೊಸಬರಿಗೆ ಚಿತ್ರಪಟಗಳನ್ನು ತೋರಿಸಿ ಇದನ್ನು ಕಲಿಸಬಹುದು. ಒಂದು ಪ್ರಾಣಿಯನ್ನೂ ನೋಯಿಸಬೇಕಾಗಿಲ್ಲ.

ನೋವನ್ನು ಕಂಡಮೇಲೆ ಏನು ಮಾಡಬೇಕು? ಯಾವ ಲಕ್ಷಣ ಕಂಡರೆ ಪ್ರಯೋಗವನ್ನು ನಿಲ್ಲಿಸತಕ್ಕದ್ದು, ಎಷ್ಟು ತೂಕ ಇಳಿದರೆ ಪ್ರಾಣಿಗೆ ನೋವಿಲ್ಲದ ಅಂತ್ಯವನ್ನು ಕೊಡತಕ್ಕದ್ದು ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದಿಟ್ಟಿರಬೇಕು. ಆ ಲಕ್ಷಣವನ್ನು ಮೊದಲು ಕಾಣುವವಳು ಬೆಳಿಗ್ಗೆ ನೀರಿನ ಸೀಸೆಯನ್ನು ತುಂಬಲು ಬಂದ ಹೊಸ ಹುಡುಗಿ. ಅವಳು ಹೋಗಿ ಹೇಳುವ ಧೈರ್ಯವನ್ನೂ, ಹೇಳಿದರೆ ಕೇಳುವ ಮೇಲಧಿಕಾರಿಯನ್ನೂ ಪಡೆದಿರಬೇಕು. ನಾವು ಕಂಡ ಒಂದು ಸಂಸ್ಥೆಯಲ್ಲಿ, ಗೂಡಿನಿಂದ ಏಳದ ಇಲಿಯೊಂದನ್ನು ಕುರಿತು ಹೇಳಬಂದ ಕಿರಿಯನಿಗೆ, "ಲೆಕ್ಕ ಕೆಡುತ್ತದೆ, ಶುಕ್ರವಾರದವರೆಗೆ ಇರಲಿ" ಎಂದು ಉತ್ತರವಾಯಿತು. ಆ ಇಲಿಗೆ ಆಗಿನ್ನೂ ಮಂಗಳವಾರ. ಅಜ್ಜಿಯವರು ಹೇಳಿದ ಕಲ್ಲು ಹುಟ್ಟುವುದು ಸೂಜಿಯನ್ನು ಹಿಡಿದುದರಿಂದಲ್ಲ, ಇಂತಹ ಮಾತಿಗೆ ಎರಡನೆಯ ಸಲ ಸುಮ್ಮನಾದುದರಿಂದ.

ಕೊನೆಗೆ ಪ್ರಾಣವನ್ನು ತೆಗೆಯುವ ಕೆಲಸವೂ ಈ ಉದ್ಯೋಗದಲ್ಲಿ ಇದೆ. ಇದನ್ನು ಮುಚ್ಚಿಟ್ಟು ಹುಡುಗಿಯನ್ನು ಸೇರಿಸಿಕೊಳ್ಳುವುದು ಅನ್ಯಾಯ. ಆ ಕೆಲಸವನ್ನು ಅತ್ಯಂತ ಚೆನ್ನಾಗಿ ಕಲಿತವರೇ ಮಾಡಬೇಕು, ಬೇರೆ ಪ್ರಾಣಿಗಳ ಎದುರಿಗೆ ಮಾಡಬಾರದು, ಮನಸ್ಸೊಪ್ಪದವರಿಂದ ಮಾಡಿಸಬಾರದು. ಮರಿಯಾಗಿದ್ದಾಗಿನಿಂದ ಸಾಕಿದುದನ್ನು ಕೊನೆಗೊಳಿಸಿ ಮನೆಗೆ ಬಂದವರಿಗೆ ಊಟ ಸೇರದೆ ಹೋದರೆ ಅದು ದೌರ್ಬಲ್ಯವಲ್ಲ. ಊಟಕ್ಕೆ ಬಲವಂತಮಾಡದೆ ಹತ್ತಿರ ಕುಳಿತುಕೊಳ್ಳುವ ಮನೆಯವರು ಅವರಿಗೆ ಬೇಕು. ಜಪಾನಿನ ಸಂಶೋಧನಾಲಯಗಳಲ್ಲಿ ಪ್ರಯೋಗದಲ್ಲಿ ಮಡಿದ ಪ್ರಾಣಿಗಳಿಗಾಗಿ ಸ್ಮರಣೆಯ ದಿನವನ್ನು ಆಚರಿಸುವ ವಾಡಿಕೆಯಿದೆ. ವಿಜ್ಞಾನಿಯೂ ಜಾಡಮಾಲಿಯೂ ಒಂದೇ ಸಾಲಿನಲ್ಲಿ ನಿಂತು ತಲೆಬಾಗುವರು. ರಷ್ಯದ ನೊವೊಸಿಬಿರ್ಸ್ಕ್ ನಗರದಲ್ಲಿ 2013ರಲ್ಲಿ ಪ್ರಯೋಗಶಾಲೆಯ ಸುಂಡಿಲಿಗಾಗಿ ಒಂದು ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಕನ್ನಡಕ ಹಾಕಿಕೊಂಡ ಮುದುಕಿ ಸುಂಡಿಲಿಯೊಂದು ಕೈಯಲ್ಲಿ ಕಡ್ಡಿಗಳನ್ನು ಹಿಡಿದು ವಂಶವಾಹಿಯ ಎಳೆಯನ್ನು ಹೆಣೆಯುತ್ತಿದೆ. ಆಯುಧಪೂಜೆಯ ದಿನ ತಕ್ಕಡಿಗೂ ಕತ್ತರಿಗೂ ಕುಂಕುಮವಿಡುವ ನಾವು ಇಂತಹ ಒಂದು ದಿನವನ್ನು ಇಟ್ಟುಕೊಂಡರೆ ತಪ್ಪೇನು?

ಆದುದರಿಂದ ತಂದೆಯವರಿಗೆ ನಮ್ಮ ಉತ್ತರವೇನೆಂದರೆ: ಮಗಳನ್ನು ಕಳುಹಿಸಿರಿ, ಆದರೆ ಸೇರುವ ಮೊದಲು ಅವಳೇ ಹೋಗಿ, ಕಲಿಸುವವರು ಯಾರು, ಬೊಂಬೆಯ ಮೇಲೆ ಕಲಿಸುವರೇ, ಎಷ್ಟು ದಿನಕ್ಕೆ ಸೂಜಿಯನ್ನು ಕೈಗೆ ಕೊಡುವರು ಎಂದು ಕೇಳಲಿ. ಮೊದಲ ವಾರವೇ ಕೊಡುವೆವೆಂದರೆ ಬೇರೆ ಕೆಲಸವನ್ನು ನೋಡಲಿ. ಅಲ್ಲಿಯ ಹಳೆಯ ಪರಿಚಾರಕರ ಪಕ್ಕದಲ್ಲಿ ನಿಂತು ನೋಡಲಿ. ಪದವಿಯಿಲ್ಲದಿದ್ದರೂ ಇಪ್ಪತ್ತು ವರ್ಷ ಪಂಜರಗಳ ನಡುವೆ ನಡೆದಾಡಿದವರ ಬೆರಳುಗಳಿಗೆ ತಿಳಿದಿರುವುದು ಎಷ್ಟೋ ಗ್ರಂಥಗಳಲ್ಲಿ ಇಲ್ಲ.

ಉಳಿದ ಓದುಗರಿಗೂ ಒಂದು ಮಾತಿದೆ. 1998ರ ನಿಯಮಗಳ ಪ್ರಕಾರ ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಒಂದು ನೀತಿಸಮಿತಿ ಇರತಕ್ಕದ್ದು. ವಿಜ್ಞಾನಿಗಳೂ ಪಶುವೈದ್ಯರೂ ಕುಳಿತುಕೊಳ್ಳುವ ಆ ಸಮಿತಿಯಲ್ಲಿ, ವಿಜ್ಞಾನಿಯಲ್ಲದ, ಸಮಾಜದ ಅರಿವುಳ್ಳ ಒಬ್ಬ ಸದಸ್ಯರೂ ಇರಬೇಕೆಂದು ವಿಧಿಸಲಾಗಿದೆ. ಉಪಾಧ್ಯಾಯರು, ವಕೀಲರು, ಗೃಹಿಣಿಯರು, ನಮ್ಮ ಓದುಗರಲ್ಲಿ ಯಾರಾದರೂ ಆ ಸ್ಥಾನಕ್ಕೆ ಕರೆ ಪಡೆಯಬಹುದು. ಕರೆ ಬಂದರೆ, ನಮಗೆ ವಿಜ್ಞಾನವು ತಿಳಿಯದೆಂದು ಸಂಕೋಚದಿಂದ ಹಿಂಜರಿಯಬಾರದು. ದೊಡ್ಡ ದೊಡ್ಡ ಹೆಸರುಗಳ ಪ್ರಸ್ತಾವಗಳಿಗೆ ತಲೆಯಾಡಿಸಿ ಕಾಫಿ ಕುಡಿದು ಬರಲೂಬಾರದು. ಪ್ರಾಣಿಗೃಹವನ್ನು ತೋರಿಸಿರೆಂದು ಕೇಳಿರಿ. ಪಂಜರದಲ್ಲಿ ಗೂಡಿದೆಯೇ ನೋಡಿರಿ. ಕೊಳವೆಯಿದ್ದರೆ ಅದು ದಿನವೂ ಬಳಕೆಯಾಗುವುದೋ ಧೂಳು ಹಿಡಿದು ಅಟ್ಟದ ಮೇಲಿದೆಯೋ ನೋಡಿರಿ. ಹೊಸಬರ ಕಲಿಕೆಯ ಪುಸ್ತಕದಲ್ಲಿ ಎಲ್ಲ ರುಜುಗಳೂ ಒಂದೇ ದಿನ ಒಂದೇ ಶಾಯಿಯಲ್ಲಿ ಬಿದ್ದಿವೆಯೇ ಎಂದು ನೋಡಿರಿ. ಪ್ರಾಣಿಗಳಿಗೆ ಭಾನುವಾರವಿಲ್ಲ, ದಸರೆಯಿಲ್ಲ. ಆದುದರಿಂದ ಹೋದ ದೀಪಾವಳಿಯ ಮೂರು ದಿನಗಳ ಹಾಜರಿ ಪುಸ್ತಕವನ್ನು ತರಿಸಿ, ಪಟಾಕಿಗಳು ಸಿಡಿಯುತ್ತಿದ್ದ ಆ ರಾತ್ರಿಗಳಲ್ಲಿ ಕಿಟಕಿ ಮುಚ್ಚಿ ನೀರನ್ನು ನೋಡಲು ಯಾರು ಬಂದಿದ್ದರೆಂದು ಹೆಸರನ್ನು ಓದಿ ನೋಡಿರಿ.